ಹಲ್ಲಿ ನುಡಿದ ಗಾಡಿ

ಗಾಡಿಯೊಳಗೆ ಹಲ್ಲಿ ಇಲ್ಲವೆಂದು ನಾನು ಮೊದಲ ದಿನವೇ ಹೇಳಿದ್ದೆ. ಸೀಟು ಎತ್ತಿ ನೋಡಿದ್ದೆ, ಕಾಲಡಿಯ ಚಾಪೆ ಝಾಡಿಸಿ ನೋಡಿದ್ದೆ, ಹಿಂದಿದ್ದ ರೊಟ್ಟಿಯ ಬುಟ್ಟಿಗಳನ್ನೆಲ್ಲ ಇಳಿಸಿ ಟಾರ್ಚು ಬಿಟ್ಟು ನೋಡಿದ್ದೆ. ಹಲ್ಲಿಯ ಹಿಕ್ಕೆ ಕೂಡ ಇರಲಿಲ್ಲ. ಆದರೂ ನಮ್ಮ ಅತ್ತೆ ಸಂಗವ್ವ ಒಪ್ಪಲಿಲ್ಲ. ಅವರು ಒಪ್ಪದ ಮೇಲೆ ನಮ್ಮ ಓಣಿಯೂ ಒಪ್ಪಲಿಲ್ಲ.

ನಮ್ಮದು ಹುಬ್ಬಳ್ಳಿಯಲ್ಲಿ ಖಡಕ್ ರೊಟ್ಟಿಯ ವ್ಯಾಪಾರ. ನಾನು ಮತ್ತು ಅತ್ತೆ ಬಡಿಯುತ್ತೇವೆ, ನನ್ನ ಗಂಡ ಮುದಕಪ್ಪ ಬುಟ್ಟಿಗೆ ತುಂಬುತ್ತಾರೆ. ಹಾಸ್ಟೆಲು, ಖಾನಾವಳಿಗಳಿಗೆ ಮುಟ್ಟಿಸಲು ಒಂದು ಹಳೆಯ ಬ್ಯಾಟರಿ ಗಾಡಿ ಕೊಂಡೆವು. ಓಡಿಸುವವಳು ನಾನು. ಗಂಡ ಪಕ್ಕದ ಸೀಟಿನಲ್ಲಿ ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕೂಡುತ್ತಾರೆ. ಅತ್ತೆ ಹಿಂದೆ ಕೂತು ರಸ್ತೆಯಲ್ಲಿ ಹೋಗುವವರನ್ನೆಲ್ಲ ಬೈಯುತ್ತಾರೆ. ಗಾಡಿಗೆ ಸದ್ದೇ ಇಲ್ಲ. ಬೆಕ್ಕು ಹಾಸಿಗೆಯ ಮೇಲೆ ನಡೆದಂತೆ ಹೋಗುತ್ತದೆ. ಹಳೆಯ ಪೆಟ್ರೋಲ್ ಗಾಡಿಯಾಗಿದ್ದರೆ ಈ ಕಥೆ ಹುಟ್ಟುತ್ತಲೇ ಇರಲಿಲ್ಲ. ಇಂಜಿನ್ನಿನ ಗದ್ದಲದಲ್ಲಿ ಆ ಸಣ್ಣ ಶಬ್ದ ಯಾರಿಗೆ ಕೇಳಬೇಕು?

ಆವತ್ತು ಆಕಾಶ ತೊಳೆದಿಟ್ಟಂತಿತ್ತು. ನನ್ನ ಗಂಡ ಕಿಟಕಿಯ ಹೊರಗೆ ನೋಡುತ್ತ, "ಇವತ್ತ ಮಳಿ ಬರ್ತೈತಿ" ಅಂದರು.

ಕಟಕ್.

ಸ್ಟೇರಿಂಗಿನ ಎದುರಿನ ಡ್ಯಾಶ್‌ಬೋರ್ಡ್ ಫಲಕದೊಳಗಿಂದ, ಒಣ ಕಡ್ಡಿ ಮುರಿದಂಥ ಶಬ್ದ. ಅತ್ತೆ ತಡ ಮಾಡಲಿಲ್ಲ. ಕಿಟಕಿಯ ಗಾಜನ್ನು ಬೆರಳಗಂಟಿನಿಂದ ಮೂರು ಸಲ ಬಡಿದು, "ಖರೇ, ಖರೇ, ಖರೇ. ಹಲ್ಲಿ ನುಡೀತು. ಟಾಪ್ ಮ್ಯಾಲಿನ ಬುಟ್ಟಿಗೆ ತಾಡಪತ್ರಿ ಹಾಕ ನೀಲವ್ವಾ" ಅಂದರು.

ನಾನು ಹಾಕಲಿಲ್ಲ. ಸಂಜೆ ಮಳೆ ಬಂತು, ರೊಟ್ಟಿಯೆಲ್ಲ ತೊಯ್ದು ಅಂಬಲಿಯಾಯಿತು. ಮಿರಗದ, ಅಂದರೆ ಮೃಗಶಿರಾ ಮಳೆಯ ದಿನಗಳಲ್ಲಿ ಮಳೆ ಬಾರದೆ ಮತ್ತೇನು ಬೀಳುತ್ತದೆ? ಆದರೆ ಅತ್ತೆಗೆ ಇದನ್ನು ಹೇಳುವವರು ಯಾರು?

ನನ್ನ ಗಂಡನ ಬಗ್ಗೆ ಒಂದು ಮಾತು ಹೇಳಲೇಬೇಕು. ದುಡಿಯುತ್ತಿದ್ದ ಗಿರಣಿ ಮುಚ್ಚಿದ ಮೇಲೆ ಅವರು ಮನೆಯಲ್ಲಿ ಮಾತನಾಡುವುದನ್ನೇ ಬಿಟ್ಟಿದ್ದರು. ನನ್ನ ಬಾಯಿ ಜೋರು, ಅತ್ತೆಯದು ನನಗಿಂತ ಜೋರು. ನಡುವೆ ಅವರು ಬಾಯಿ ತೆರೆದರೆ ನಾವಿಬ್ಬರೂ ಒಟ್ಟಿಗೆ "ನಿಮಗೇನ್ ಗೊತ್ತಾಗತೈತಿ" ಅನ್ನುತ್ತಿದ್ದೆವು. ಅಂಥ ಮನುಷ್ಯನ ಮಾತಿಗೆ ಹಲ್ಲಿ ಸಾಕ್ಷಿ ನುಡಿಯತೊಡಗಿತು. ಅದೂ ಅವರೊಬ್ಬರ ಮಾತಿಗೇ. ನಾನು ಎಷ್ಟು ಕಿರುಚಿದರೂ ಇಲ್ಲ, ಅತ್ತೆ ದೇವರ ಹೆಸರು ಹೇಳಿದರೂ ಇಲ್ಲ.

"ಆ ಹಾಸ್ಟೆಲ್‌ನವ ರೊಕ್ಕ ಕೊಡೂದಿಲ್ಲ." ಕಟಕ್. ಕೊಡಲಿಲ್ಲ.

"ಬಾಜೂ ಮನಿ ಪಾರವ್ವನ ಎಮ್ಮಿ ಹೆಣ್ಣ ಕರಾ ಹಾಕತೈತಿ." ಕಟಕ್. ಹಾಕಿತು.

ತಪ್ಪಿದ್ದೂ ಇತ್ತು. ತಪ್ಪಿದ್ದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಶ್ರಾವಣ ಮುಗಿಯುವ ಹೊತ್ತಿಗೆ ನಮ್ಮ ಗಾಡಿಯ ಬಾಗಿಲಲ್ಲಿ ಜನ ನಿಲ್ಲತೊಡಗಿದರು. ಮನೆಯ ಮುಂದೆ ನಿಂತ ಗಾಡಿಯಲ್ಲಿ ನನ್ನ ಗಂಡ ಮುಂದೆ ಕೂತಿರುತ್ತಿದ್ದರು. ಬಂದವರು ಹಿಂದಿನ ಸೀಟಿನಲ್ಲಿ ಕೂತು ಕೇಳುತ್ತಿದ್ದರು.

"ಮುದಕಣ್ಣಾ, ನನ್ನ ತಮ್ಮಗ ಆ ಹೆಣ್ಣ ತರೂಣೇನು?"

"ತರ್ರಿ, ಛೊಲೊ ಆಗತೈತಿ." ಕಟಕ್.

ಗಾಡಿ ತುಂಬ ಟಕ್ ಟಕ್ ಟಕ್, ಖರೇ ಖರೇ. ಗಂಡ ಬಿಳಿ ಅಂಗಿ ಹಾಕಿಕೊಂಡು ಕೂಡತೊಡಗಿದರು. ಮೀಸೆಗೆ ಎಣ್ಣೆ ಹಚ್ಚಿದರು. ಊಟಕ್ಕೆ ಕೂತಾಗ ಅತ್ತೆ ಅವರಿಗೆ ಮೊದಲು ಬಡಿಸತೊಡಗಿದರು. ಒಂದು ದಿನ ನಾನು, "ನಿಮಗೇನ್ ಗೊತ್ತಾಗತೈತಿ" ಅಂದೆ. ಅವರು ನಕ್ಕು, "ಗಾಡಿಗೆ ಬಾ, ಅಲ್ಲಿ ಹೇಳ್ತೀನಿ" ಅಂದರು. ನನಗೆ ನೆತ್ತಿಗೇರಿತು. ಈ ಹಲ್ಲಿಯನ್ನು ಹಿಡಿದೇ ತೀರಬೇಕು ಅಂತ ಅವತ್ತೇ ನಿರ್ಧರಿಸಿದೆ.

ಗಾಡಿ ಮಾಡಿದ ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದೆ. ಟೈ ಕಟ್ಟಿದ ಹುಡುಗನೊಬ್ಬ ಗಾಡಿ ಒಂದು ಸುತ್ತು ಹೊಡೆಸಿ ತಂದು, "ಏನೂ ಕೇಳಲಿಲ್ಲ ಮೇಡಂ, ಎಲ್ಲಾ ನಾರ್ಮಲ್" ಅಂದ. ಅವನ ನಾರ್ಮಲ್ಲನ್ನು ಅವನ ಮುಖದ ಮೇಲೇ ಎಸೆದು ಗಂಡನನ್ನೂ ಕೂಡಿಸಿಕೊಂಡು ದಾವಲಸಾಬನ ಗ್ಯಾರೇಜಿಗೆ ಹೋದೆ. ದಾವಲಸಾಬ ನಮ್ಮ ತವರಿನವನು, ನನ್ನ ಜೊತೆ ಒಂದೇ ಕನ್ನಡ ಶಾಲೆಯಲ್ಲಿ ಏಟು ತಿಂದವನು.

ಮೊದಲು ಚಕ್ರ ಬಿಚ್ಚಿದ. ಟೈರಿನ ಸಂದಿಯಲ್ಲಿ ಕಲ್ಲು ಸಿಕ್ಕಿರಬಹುದು ಅಂದ, ಇರಲಿಲ್ಲ. ಅಚ್ಚಿನ ಜಾಯಿಂಟು ಸವೆದಿರಬಹುದು ಅಂದ, ಸವೆದಿರಲಿಲ್ಲ. ನಾನೊಬ್ಬಳೇ ಓಡಿಸಿದರೆ ಶಬ್ದ ಬರುವುದಿಲ್ಲ, ಗಂಡ ಕೂತರೆ ಬರುತ್ತದೆ ಎಂದಾಗ ತಲೆದೂಗಿ, "ಹಂಗಾದ್ರ ಸೀಟಿನ ಸ್ಪ್ರಿಂಗ್" ಅಂದ. ಸೀಟು ಬದಲಿಸಿದ. ಗಂಡ ಕೂತರು.

"ಛೊಲೊ ಆತು ದಾವಲಾ" ಅಂದರು. ಕಟಕ್.

ಹಿಂದೆ ಕೂಡಿಸಿದ. "ಇಲ್ಲಿ ಸ್ವಲ್ಪ ಒತ್ತತೈತಿ." ಕಟಕ್. ಬಾಯಿ ಮುಚ್ಚಿಕೊಂಡು ಕೂಡಲು ಹೇಳಿದ. ಶಬ್ದವಿಲ್ಲ. ಗಾಡಿ ಹಳ್ಳದಲ್ಲಿ ಎತ್ತಿ ಹಾಕಿದರೂ ಇಲ್ಲ. ಮತ್ತೆ ಮಾತನಾಡಲು ಹೇಳಿದ. ಕಟಕ್.

ದಾವಲಸಾಬ ಕೈಯೊರೆಸಿಕೊಂಡು ಹಲ್ಲು ಕಿರಿದ. "ಅಕ್ಕಾರ, ಗಾಡಿ ಬರೋಬ್ಬರಿ ಐತಿ. ನಿಮ್ಮ ಯಜಮಾನರನ್ನ ರಿಪೇರಿಗೆ ಬಿಡ್ರಿ."

ಎಲ್ಲರೂ ನಕ್ಕೆವು. ನನ್ನ ಗಂಡನೂ ನಕ್ಕರು. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಉದ್ದನೆಯ ಸ್ಕ್ರೂ ಡ್ರೈವರಿನ ಹಿಡಿಕೆಯನ್ನು ಕಿವಿಗೊತ್ತಿ, ತುದಿಯನ್ನು ಫಲಕದ ಒಳಗೆ ಅಲ್ಲಲ್ಲಿ ತಾಗಿಸುತ್ತ ದಾವಲಸಾಬ ಕೊನೆಗೆ ಜಾಗ ಹಿಡಿದ. ಎಚ್ಚರಿಕೆ ಪೆಟ್ಟಿಗೆ. ಓಡಿಸುವವರಿಗೆ ತೂಕಡಿಕೆ ಬಂದರೆ ಕೂಗಿ ಎಬ್ಬಿಸುವ ಈ ಪೆಟ್ಟಿಗೆ ಎಲ್ಲ ಗಾಡಿಗಳಲ್ಲೂ ಇರಬೇಕೆಂದು ಕೆಲವು ವರ್ಷಗಳ ಹಿಂದೆ ಕಾನೂನು ಬಂದಿತ್ತು. ನಮಗೆ ಅಷ್ಟೇ ಗೊತ್ತಿತ್ತು. ಅದರ ಮೇಲೆ ಸರಕಾರಿ ಸೀಲು ಇತ್ತು.

"ಇದನ್ನ ಒಡೆದ್ರ ನನ್ನ ಗ್ಯಾರೇಜಿಗೆ ಬೀಗ. ಧಾರವಾಡದಾಗ ಇವನ್ನ ಮಾಡಿದ ಲ್ಯಾಬ್ ಐತೆಂತ. ಅಲ್ಲೇ ಒಯ್ದು ಕೇಳ್ರಿ."

ಮೂವರೂ ಹೊರಟೆವು. ಗಂಡ ತನ್ನ ಹಲ್ಲಿಯನ್ನು ದೊಡ್ಡವರು ನೋಡುತ್ತಾರೆಂಬ ಹುರುಪಿನಲ್ಲಿದ್ದರು. ಅತ್ತೆ ಪೇಢಾ ಕೊಳ್ಳುವ ಆಸೆಗೆ ಬಂದರು. ಹಾಸ್ಟೆಲಿನ ಒಂದು ಬುಟ್ಟಿ ಎಂದಿನಂತೆ ಗಂಡನ ತೊಡೆಯ ಮೇಲಿತ್ತು.

ಲ್ಯಾಬು ಊರ ಹೊರಗೆ ಗುಡ್ಡದ ಮೇಲಿತ್ತು. ಹೆಬ್ಬಳ್ಳಿ ಮೇಡಂ ಎಂಬ, ನನ್ನದೇ ವಯಸ್ಸಿನ ವಿಜ್ಞಾನಿ ಹೊರಗೆ ಬಂದರು. ಶಬ್ದದ ವಿಷಯ ಹೇಳಿದಾಗ ಅವರು ನಗಲಿಲ್ಲ. ಒಬ್ಬರ ಮಾತಿಗೆ ಮಾತ್ರ ಬರುತ್ತದೆ ಎಂದಾಗ ಕೈಯಲ್ಲಿದ್ದ ಚಹದ ಲೋಟವನ್ನು ಗೋಡೆಯ ಮೇಲಿಟ್ಟರು. ಗಾಡಿಯನ್ನು ಒಂದು ದೊಡ್ಡ ಕೋಣೆಯೊಳಗೆ ತರಿಸಿದರು. ಗೋಡೆಗಳಿಗೆಲ್ಲ ಹತ್ತಿಯಂಥದ್ದನ್ನು ಮೆತ್ತಿದ್ದರು. ನಮ್ಮ ಉಸಿರು ನಮಗೇ ಕೇಳುವಷ್ಟು ಮೌನ. ಪೆಟ್ಟಿಗೆಗೆ ತಂತಿ ಸಿಕ್ಕಿಸಿ, ಗಂಡನ ಕೈಗೆ ಒಂದು ಹಳೆಯ ದಿನಪತ್ರಿಕೆ ಕೊಟ್ಟು, "ಓದ್ರಿ ಯಜಮಾನರ, ಸಾವಕಾಶ" ಅಂದರು.

ಅವರು ಗಂಟಲು ಸರಿಮಾಡಿಕೊಂಡು ಈರುಳ್ಳಿಯ ಪೇಟೆ ಧಾರಣೆ ಓದಿದರು. ಶಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗನಂತೆ, ಪ್ರತಿ ಅಕ್ಷರ ಸ್ಪಷ್ಟವಾಗಿ. ಒಂದು ಸಾಲು, ಕಟಕ್. ಇನ್ನೊಂದು ಸಾಲು, ಕಟಕ್. ಅವರ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು. ಪರದೆ ನೋಡುತ್ತಿದ್ದ ಹೆಬ್ಬಳ್ಳಿ ಮೇಡಂ ಮುಖದಲ್ಲಿ ರಕ್ತವಿರಲಿಲ್ಲ.

"ಸಾಕ್ರಿ. ತಾಯಿ-ಮಗ ಇಬ್ಬರೂ ಕ್ಯಾಂಟೀನಿನ್ಯಾಗ ಚಾ ಕುಡೀರಿ" ಎಂದು ಅವರನ್ನು ಕಳಿಸಿ ಬಾಗಿಲು ಮುಚ್ಚಿದರು.

"ಯಾವಾಗಿಂದ ಬರಾಕತ್ತೈತಿ?"

"ಮಿರಗದಿಂದ."

"ಮೊದಲು ಆಗೊಮ್ಮೆ ಈಗೊಮ್ಮೆ. ಈಗ ಪ್ರತಿ ಮಾತಿಗೆ. ಹೌದಲ್ಲೋ?"

ಹೌದು ಅಂದೆ. ಅವರು ಕುರ್ಚಿ ಎಳೆದುಕೊಂಡು ನನ್ನ ಹತ್ತಿರ ಕೂತರು.

"ಇದನ್ನ ನಾ ನಿಮಗ ಹೇಳಬಾರದು. ಹೇಳಿದ್ರ ನನ್ನ ಕೆಲಸ ಹೋಗತೈತಿ. ಆದ್ರೂ ಕೇಳ್ರಿ. ಈ ಪೆಟ್ಟಿಗಿ ಬರೇ ನಿದ್ದಿ ನೋಡಾಕ ಮಾಡಿದ್ದಲ್ಲ. ಗಾಡಿಯೊಳಗಿನವರ ದನಿ ಕೇಳತೈತಿ. ಮನುಷ್ಯಾನ ಮಿದುಳಿನ ರಕ್ತನಾಳ ಕಟ್ಟಾಕ ಸುರು ಆದ್ರ, ಗಂಟಲಿನ ಸ್ನಾಯು ಒಂದು ಕೂದಲೆಳೆಯಷ್ಟು ತಪ್ಪತೈತಿ. ನಮ್ಮ ಕಿವಿಗೆ ಅದು ಗೊತ್ತಾಗೂದಿಲ್ಲ. ಪೆಟ್ಟಿಗಿ ಹಿಂದಿನ ದನಿ ನೆನಪಿಟ್ಟುಕೊಂಡು ಇವತ್ತಿನ ದನಿ ಜೋಡಿ ಹೋಲಿಸತೈತಿ. ಫರಕು ಹೆಚ್ಚಾದ್ರ ಒಳಗ ಒಂದು ರಿಲೇ ಬೀಳತೈತಿ. ರಿಲೇ ಅಂದ್ರ ಕರೆಂಟಿನಿಂದ ತಾನಾಗೇ ಬೀಳೂ ಸ್ವಿಚ್ಚು. ಅದು ಬಿದ್ರ ಕೆಂಪು ದೀಪ ಹತ್ತಬೇಕು, ಪೆಟ್ಟಿಗಿ 'ಡಾಕ್ಟರ್ ಕಡೆ ಹೋಗ್ರಿ' ಅಂತ ಹೇಳಬೇಕು. ನಾವು ಮಾಡಿದ್ದು ಹಂಗ."

"ದೀಪ ಎಲ್ಲೈತ್ರೀ?"

"ತೆಗೆಸಿದ್ರು. ಮೊದಲನೇ ವರ್ಷ ದೀಪ ಹತ್ತಿದವರ ನೌಕರಿ ಹೋತು. ನಿಶ್ಚಯ ಆಗಿದ್ದ ಮದುವಿ ಮುರಿದವು. ಬಾಡಿಗಿ ಮನಿಯವರು ಹೊರಗ ಹಾಕಿದ್ರು. ಜನ ಕೋರ್ಟಿಗೆ ಹೋದ್ರು. ಮಶೀನು ಯಾರ ರೋಗಾನೂ ಬಾಯಿ ಬಿಟ್ಟು ಹೇಳಬಾರದು ಅಂತ ತೀರ್ಪು ಆತು. ಕಂಪನಿಯವರು ದೀಪದ ತಂತಿ ಕತ್ತರಿಸಿದ್ರು, ಮಾತು ಅಳಿಸಿದ್ರು. ರಿಲೇ ಮಾತ್ರ ಹಲಗಿಗೆ ಬೆಸುಗಿ ಹಾಕಿದ್ದು. ಅದನ್ನ ತೆಗೀಬೇಕಂದ್ರ ಖರ್ಚು ಹೆಚ್ಚು. ಹಂಗ ಬಿಟ್ರು."

ಅರ್ಥವಾದ ಮೇಲೆ ಸುಮ್ಮನಿರಲಾಗಲಿಲ್ಲ.

"ಬಾಯಿ ಹೊಲಿದು ಬಿಟ್ರಿ. ಅದು ಒಳಗ ಕೂತು ಬಡಕೊಳ್ಳಾಕತ್ತೈತಿ, ನಾವು ಅದಕ್ಕ ಖರೇ ಖರೇ ಅಂತ ಕೈ ಬಡಿಯಾಕತ್ತೇವಿ! ಕಲಿತವರು ಮಾಡೂ ಕೆಲಸ ಏನ್ರೀ ಇದು?"

"ಬೈರಿ. ಆಮ್ಯಾಲೆ ಬೈರಿ. ಮೊದಲು ಅವರನ್ನ ದೊಡ್ಡ ದವಾಖಾನಿಗೆ ಕರಕೊಂಡು ಹೋಗ್ರಿ. ಇವತ್ತ. ಮನಿಗೆ ಹೋಗಿ ನಾಳೆ ಅನಬ್ಯಾಡ್ರಿ." ದವಾಖಾನೆಗೆ ತಾವೇ ಫೋನು ಮಾಡಿ ತಿಳಿಸುವುದಾಗಿ ಹೇಳಿದರು.

ಗಾಡಿ ಹುಬ್ಬಳ್ಳಿ ರಸ್ತೆಗೆ ಬಿತ್ತು. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನೇರ ಹೇಳಿಬಿಟ್ಟೆ. ಹಲ್ಲಿ ಅಲ್ಲ, ಮಶೀನು. ಅದು ನಿಮ್ಮ ಮಾತು ಖರೇ ಅನ್ನುತ್ತಿಲ್ಲ, ನಿಮ್ಮ ತಲೆಯೊಳಗೆ ರಕ್ತ ಕಟ್ಟುತ್ತಿದೆ ಅನ್ನುತ್ತಿದೆ. ಈಗ ನೇರ ದವಾಖಾನೆಗೆ ಹೋಗುತ್ತಿದ್ದೇವೆ.

ನನ್ನ ಗಂಡ ಬುಟ್ಟಿಯ ಹಗ್ಗವನ್ನು ಬಿಚ್ಚಿ ಮತ್ತೆ ಬಿಗಿದರು. ಮೀಸೆಯ ಎಣ್ಣೆ ಬಿಸಿಲಿಗೆ ಹೊಳೆಯುತ್ತಿತ್ತು. ಯಾರೋ ಅವರ ಬಿಳಿ ಅಂಗಿಯನ್ನು ಕಸಿದುಕೊಂಡಂತೆ ಕಾಣುತ್ತಿದ್ದರು.

"ನಾನು ಹೇಳಿದ್ದು ಯಾವುದೂ ಖರೇ ಅಲ್ಲಂದೇನು?" ಕಟಕ್.

"ಅದನ್ನ ಬಿಡ್ರಿ ಈಗ."

"ನಾ ಗಟ್ಟಿ ಅದೀನಿ. ತಲಿನೋವಿಲ್ಲ, ಜ್ವರ ಇಲ್ಲ. ನನಗ ಏನೂ ಆಗೂದಿಲ್ಲ ತಗೊ."

ಕಟಕ್.

ಹಿಂದಿನಿಂದ ಟಕ್ ಟಕ್ ಟಕ್. "ಖರೇ, ಖರೇ! ಕೇಳ್ದಿ ಇಲ್ಲ? ನನ್ನ ಮಗಗ ಏನೂ ಆಗೂದಿಲ್ಲ ಅಂತ ಹಲ್ಲಿನೇ ನುಡೀತು. ದವಾಖಾನಿಗೆ ಹೋದ್ರ ತಲಿ ಕೊರೀತಾರ. ಗಾಡಿ ಮನಿ ಕಡೆ ಹೊಳ್ಳಸು."

"ಅತ್ತ್ಯಾರ, ಅದು ಹಲ್ಲಿ ಅಲ್ರೀ!"

"ಏನರ ಇರಲಿ. ಈ ತನಕ ಸುಳ್ಳು ಹೇಳಿಲ್ಲ."

"ಯವ್ವ ಅನ್ನೂದು ಬರೋಬ್ಬರಿ. ಮನಿಗೆ ನಡಿ. ಇಲ್ಲಂದ್ರ ಇಲ್ಲೇ ಇಳೀತೀನಿ." ಕಟಕ್. ಗಂಡ ಬಾಗಿಲಿಗೆ ಕೈ ಹಾಕಿದರು.

ನವಲೂರು ದಾಟಿ ರಸ್ತೆಯ ಬದಿಗೆ ಗಾಡಿ ನಿಲ್ಲಿಸಿದೆ. ಇವರ ಹತ್ತಿರ ಮಶೀನಿನ ಮಾತು ನಡೆಯುವುದಿಲ್ಲ, ಇವರ ದೇವರನ್ನೇ ಇವರ ಎದುರಿಗೆ ನಿಲ್ಲಿಸಬೇಕು ಅನ್ನಿಸಿತು.

"ಆತು. ನಿಮ್ಮ ಹಲ್ಲಿನೇ ನಂಬೂಣು. ನಾ ಹೇಳಿಕೊಟ್ಟಂಗ ಅನ್ರಿ. 'ಇವತ್ತ ನಾ ದವಾಖಾನಿಗೆ ಹೋಗದಿದ್ರ ಉಳಿಯೂದಿಲ್ಲ.' ಅನ್ರಿ ನೋಡೂಣು."

"ಥೂ ನಿನ್ನ ಬಾಯಿಗಷ್ಟು ಬೆಂಕಿ ಹಾಕ!" ಅತ್ತೆ ಹಿಂದಿನಿಂದ ನನ್ನ ಭುಜಕ್ಕೆ ಹೊಡೆದರು. "ಗಂಡನ ಬಾಯಿಲೆ ಎಂಥಾ ಮಾತ ಆಡಸ್ತಿ!"

"ಯಾಕ, ಹಲ್ಲಿ ಮ್ಯಾಲ ನಂಬಿಗಿ ಇಲ್ಲೇನು? ಅನ್ನಲಿ. ಸುಳ್ಳಾದ್ರ ಅದು ಸುಮ್ಮನಿರತೈತಿ. ಗಾಡಿ ಮನಿಗೆ ಹೊಳ್ಳಸ್ತೀನಿ."

ನನ್ನ ಗಂಡ ನನ್ನ ಕಡೆ ತಿರುಗಿದರು. ಆ ಕಣ್ಣುಗಳಲ್ಲಿ ನಾನು ಹಿಂದೆಂದೂ ನೋಡಿರದ ಹೆದರಿಕೆ ಇತ್ತು. ಮೆಲ್ಲಗೆ ಹೇಳಿದರು:

"ನಾ ಅಂದ್ರ ಖರೇ ಆಕ್ಕೈತಿ, ನೀಲಾ." ಕಟಕ್.

"ನೀವು ಅನ್ನದಿದ್ರೂ ಆಕ್ಕೈತ್ರೀ. ಅನ್ರಿ."

ಅವರು ಬುಟ್ಟಿಯನ್ನು ಎರಡೂ ಕೈಯಿಂದ ಅಪ್ಪಿಕೊಂಡರು.

"ಇವತ್ತ ನಾ..." ಕಟಕ್. "ದವಾಖಾನಿಗೆ..." ಕಟಕ್. "ಹೋಗ... ಹೋ..."

ಕಟಕ್ ಕಟಕ್ ಕಟಕಟಕಟಕಟ.

ಅಭ್ಯಾಸಬಲದಿಂದ ಅತ್ತೆ ಗಾಜು ಬಡಿಯಲು ಕೈ ಎತ್ತಿದ್ದರು. ಅದು ಗಾಳಿಯಲ್ಲೇ ನಿಂತಿತು. ನನ್ನ ಗಂಡನ ಬಾಯಿಯ ಒಂದು ತುದಿ ಒದ್ದೆ ಬಟ್ಟೆಯಂತೆ ಕೆಳಗೆ ಜಾರಿತ್ತು. ಬಲಗೈ ಬುಟ್ಟಿಯಿಂದ ಕಳಚಿ ಬಿತ್ತು. ರೊಟ್ಟಿಗಳು ಕಾಲಡಿಯಲ್ಲಿ ಚೂರಾದವು. ಅವರು ಇನ್ನೂ ಆ ಮಾತನ್ನು ಮುಗಿಸಲು ಹೆಣಗುತ್ತಿದ್ದರು. ಮಾತಿರಲಿಲ್ಲ, ಬರೀ ದನಿ. ಆ ದನಿಗೆ ಪೆಟ್ಟಿಗೆ ಬಡಿದುಕೊಳ್ಳುತ್ತಲೇ ಇತ್ತು.

ಗಾಡಿಯನ್ನು ಹೇಗೆ ಓಡಿಸಿದೆನೋ ನನಗೇ ಗೊತ್ತಿಲ್ಲ. ದವಾಖಾನೆ ಮುಟ್ಟುವವರೆಗೂ ಅತ್ತೆ ಹಿಂದಿನಿಂದ ಮಗನ ಭುಜ ಹಿಡಿದೇ ಇದ್ದರು.

ಹೆಬ್ಬಳ್ಳಿ ಮೇಡಂ ಫೋನು ಮಾಡಿದ್ದರಿಂದ ಬಾಗಿಲಲ್ಲೇ ಗಾಲಿಮಂಚ ಕಾಯುತ್ತಿತ್ತು. ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಹೋಯಿತು. ಮಿರಗದಲ್ಲೇ ಬಂದಿದ್ದರೆ ಬರೀ ಗುಳಿಗೆಯಲ್ಲಿ ಮುಗಿಯುತ್ತಿತ್ತು ಅಂದರು ಡಾಕ್ಟರು. ಮಿರಗದಲ್ಲಿ ನಾವು ಗಾಜು ಬಡಿಯುತ್ತಿದ್ದೆವು.

ದೀಪಾವಳಿ ಹೊತ್ತಿಗೆ ಗಾಡಿ ಕಂಪನಿಯವರು ಎಲ್ಲರ ಫೋನಿಗೂ ಸಂದೇಶ ಕಳಿಸಿದರು. ಫಲಕದೊಳಗಿನ ಕಟಕಟ ಶಬ್ದದಿಂದ ಗ್ರಾಹಕರಿಗೆ ಕಿರಿಕಿರಿಯಾಗಿದ್ದು ತಿಳಿದುಬಂದಿದೆ, ಉಚಿತವಾಗಿ ಸರಿಪಡಿಸುತ್ತೇವೆ, ಗಾಡಿ ತನ್ನಿರಿ. ಹೆಬ್ಬಳ್ಳಿ ಮೇಡಂ ನಮ್ಮ ವಿಷಯವನ್ನು ಮೇಲಿನವರಿಗೆ ತಿಳಿಸಿದ್ದಕ್ಕೆ ಸಿಕ್ಕ ಉತ್ತರ ಇದು. ಅವರನ್ನು ಕೆಲಸದಿಂದ ತೆಗೆದರೆಂದೂ ಕೇಳಿದೆ. ಸರ್ವಿಸ್ ಸೆಂಟರಿನ ಮುಂದೆ ಗಾಡಿಗಳ ಸಾಲು ಹತ್ತಿತು. ಓಣಿಯ ಮನೆಮನೆಗೆ ಹೋಗಿ ಒದರಿದೆ, ಒಯ್ಯಬೇಡಿರಿ, ಅದು ಇರಲಿ ಅಂದೆ. ಪಾರವ್ವ ನನ್ನ ಮುಖಕ್ಕೇ ಹೇಳಿದಳು: "ನಿಮ್ಮ ಹಲ್ಲಿ ನಿಮ್ಮ ಮನಿ ಹಾಳ ಮಾಡ್ತು. ನಮಗ್ಯಾಕ ಬೇಕವ್ವ ಅಂಥಾ ಶಬ್ದ?" ಎಲ್ಲರ ಗಾಡಿಗಳೂ ಮೂಕವಾಗಿ ಮರಳಿ ಬಂದವು.

ನಾನು ಒಯ್ಯಲಿಲ್ಲ. ಆದರೂ ನಮ್ಮ ಗಾಡಿಯಲ್ಲಿ ಆಮೇಲೆ ಶಬ್ದ ಬರಲಿಲ್ಲ. ದನಿಯೇ ಇಲ್ಲದವರ ದನಿಯಲ್ಲಿ ಪೆಟ್ಟಿಗೆ ಏನನ್ನು ಹುಡುಕೀತು?

ಗಂಡ ಈಗಲೂ ಪಕ್ಕದ ಸೀಟಿನಲ್ಲೇ ಕೂಡುತ್ತಾರೆ. ನಾನು ಏನಾದರೂ ಕೇಳಿದರೆ ಎಡಗೈಯ ಬೆರಳಿಂದ ಕಿಟಕಿಯ ಗಾಜು ತಟ್ಟುತ್ತಾರೆ. ಒಂದು ಸಲ ತಟ್ಟಿದರೆ ಹೌದು, ಎರಡು ಸಲಕ್ಕೆ ಅಲ್ಲ. ಅತ್ತೆ ಹಿಂದೆ ಕೂಡುತ್ತಾರೆ, ಯಾರನ್ನೂ ಬೈಯುವುದಿಲ್ಲ. ಮೂರು ಜನರ ಗಾಡಿಯಲ್ಲಿ ಈಗ ಮಾತು ನನ್ನದೊಂದೇ. ಆಡಿ ಆಡಿ ಸಾಕಾಗುತ್ತದೆ, ಆದರೂ ಆಡುತ್ತೇನೆ.

ನಿನ್ನೆ ಬೆಳಿಗ್ಗೆ ಹಾಸ್ಟೆಲಿಗೆ ರೊಟ್ಟಿ ಕೊಡಲು ಹೊರಟಿದ್ದೆವು. ಕೆರೆಯ ಹತ್ತಿರ ತಂಪು ಗಾಳಿ ಬೀಸುತ್ತಿತ್ತು. ಗಂಡನ ಮುಖ ಸ್ವಲ್ಪ ಗೆಲುವಾಗಿ ಕಂಡಿತು. ನನಗೂ ಮನಸ್ಸು ತುಂಬಿ ಬಂದು, "ಹೆದರಬ್ಯಾಡ್ರಿ. ನಾ ಇರೂತನಕ ನಿಮಗೇನೂ ಆಗಗೊಡೂದಿಲ್ಲ" ಅಂದೆ.

ಕಟಕ್.

ಗಾಜು ತಟ್ಟಿದರು ಅಂದುಕೊಂಡು ನಕ್ಕೆ. ನಗುತ್ತಲೇ ಆ ಕಡೆ ತಿರುಗಿದೆ. ಅವರ ಎಡಗೈ ಬುಟ್ಟಿಯ ಹಗ್ಗವನ್ನು ಬಿಗಿಯಾಗಿ ಹಿಡಿದಿತ್ತು. ಅವರ ಕಣ್ಣು ನನ್ನ ಬಾಯಿಯ ಮೇಲೆ ನೆಟ್ಟಿತ್ತು.

ಹಿಂದಿನಿಂದ ಅತ್ತೆಯ ದನಿ ಬಂತು. "ನೀಲವ್ವಾ... ಅದು ಈಗ ಯಾರ ಮಾತಿಗೆ ನುಡೀತು?"

ಮುಂದಿನ ಸರ್ಕಲ್ಲಿನಲ್ಲಿ ಗಾಡಿ ತಿರುಗಿಸಿ, ರೊಟ್ಟಿಯ ಬುಟ್ಟಿಗಳ ಸಮೇತ ದವಾಖಾನೆಯ ದಾರಿ ಹಿಡಿದೆ.